ಸಡಿಲವಾದ ಸಾಕೆಟ್ಟು, ಮನೆಗೆ ಬಂದ ಆಪತ್ತು



ಈ ಹೊತ್ತು ನಾನು ಹೇಳಹೊರಟಿರುವುದು ಬಿತ್ತನೆಯ ವಿಚಾರವಲ್ಲ, ಗೊಬ್ಬರದ ವಿಚಾರವೂ ಅಲ್ಲ. ನಿಮ್ಮ ಮನೆಯ ಗೋಡೆಯ ಮೇಲಿರುವ ಕರೆಂಟಿನ ಸಾಕೆಟ್ಟಿನ ವಿಚಾರ. "ಇದೇನಪ್ಪ, ಬೆಳೆಯ ಮಾತಾಡುವವರಿಗೆ ಕರೆಂಟಿನ ಉಸಾಬರಿ ಯಾಕೆ?" ಎಂದು ನೀವು ಕೇಳಬಹುದು. ಕೇಳತಕ್ಕ ಮಾತೇ ಸರಿ. ಆದರೆ ಇವತ್ತಿನ ಬೇಸಾಯ ಹೊಲದಲ್ಲಿ ಮಾತ್ರ ನಡೆಯುತ್ತಿಲ್ಲ. ಹಾಲು ಕರೆಯುವ ಯಂತ್ರ ಕೊಟ್ಟಿಗೆಯಲ್ಲಿದೆ. ಮೇವು ಕತ್ತರಿಸುವ ಯಂತ್ರ ಹಿತ್ತಲಲ್ಲಿದೆ. ರೇಷ್ಮೆ ಮನೆಯಲ್ಲಿ ಹೀಟರು ಇದೆ. ಇವೆಲ್ಲಕ್ಕೂ ಕರೆಂಟು ಹರಿಯಬೇಕಾದ ಬಾಗಿಲು ಆ ಸಾಕೆಟ್ಟೇ. ಆ ಬಾಗಿಲು ಮುರುಕಲಾಗಿದ್ದರೆ ಬೆಳೆದ ಬೆಳೆ, ಸಾಕಿದ ದನ, ಕಟ್ಟಿದ ಮನೆ ಮೂರೂ ಹೋಗಬಹುದು. ಆದಕಾರಣ ಈ ಮಾತು ನಮಗೂ ಸೇರಿದ್ದೇ.

ನಮ್ಮ ನಾಡಿಗೆ ಕರೆಂಟು ಹೊಸದೇನಲ್ಲ. ಕಾವೇರಿಯ ಶಿವನಸಮುದ್ರದಲ್ಲಿ ೧೯೦೨ರಲ್ಲೇ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿತು. ಹಳ್ಳಿಗಳಿಗೆ ಬರುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು. ೧೯೬೦ರ ದಶಕದಲ್ಲಿ ಶರಾವತಿಯ ವಿದ್ಯುತ್ತು ಬಂದ ಮೇಲೆ ಎಷ್ಟೋ ಊರುಗಳು ಬೆಳಕು ಕಂಡವು. ಆಗ ಮನೆಗೆ ಎರಡು ಮೂರು ಬಲ್ಬು, ಹೆಚ್ಚೆಂದರೆ ರೇಡಿಯೋಕ್ಕೆ ಒಂದು ಪ್ಲಗ್ಗು. ಆ ಲೆಕ್ಕಕ್ಕೆ ತಕ್ಕಂತೆ ಮರದ ಪಟ್ಟಿಯ ಮೇಲೆ ತೆಳು ವೈರು ಎಳೆದು, ಮರದ ಬೋರ್ಡಿನ ಮೇಲೆ ಕರಿಯ ಬೇಕಲೈಟಿನ ಸಾಕೆಟ್ಟು ಕೂರಿಸಿದರು. ಇಂದಿಗೂ ಅನೇಕ ಮನೆಗಳಲ್ಲಿ ಅದೇ ವೈರು, ಅದೇ ಬೋರ್ಡು, ಅದೇ ಸಾಕೆಟ್ಟು. ಆದರೆ ಅದಕ್ಕೆ ಈಗ ಸಿಕ್ಕಿಸುತ್ತಿರುವುದು ಮಿಕ್ಸಿ, ಫ್ರಿಜ್ಜು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡು! ಒಂದೆತ್ತಿನ ಗಾಡಿಗೆ ಲಾರಿಯ ಹೇರು ಹೇರಿದ ಹಾಗಾಯಿತು ಇದು.

ಸಾಕೆಟ್ಟು ಹಾಳಾಗುವುದು ಹೇಗೆ ಎಂಬುದನ್ನು ಮೊದಲು ತಿಳಿಯೋಣ. ಅದರ ಒಳಗೆ ಪ್ರತಿ ತೂತಿನ ಹಿಂದೆಯೂ ಒಂದು ಹಿತ್ತಾಳೆಯ ಹಿಡಿಕೆ ಇರುತ್ತದೆ. ಪ್ಲಗ್ಗಿನ ಪಿನ್ನನ್ನು ಅದು ಸ್ಪ್ರಿಂಗಿನಂತೆ ಬಿಗಿಯಾಗಿ ಅಪ್ಪಿಕೊಳ್ಳಬೇಕು. ದಿನಕ್ಕೆ ಹತ್ತು ಸಲ ಹಾಕಿ ತೆಗೆದು ಮಾಡಿದರೆ, ಅದೂ ವೈರು ಹಿಡಿದು ಜಗ್ಗಿ ತೆಗೆದರೆ, ವರ್ಷಗಳು ಕಳೆದಂತೆ ಆ ಹಿಡಿಕೆ ಅಗಲವಾಗುತ್ತದೆ, ಬಿಗಿ ಕಳೆದುಕೊಳ್ಳುತ್ತದೆ. ಹಿಂಬದಿಯಲ್ಲಿ ವೈರನ್ನು ಹಿಡಿದಿರುವ ತಿರುಪು ಕೂಡ ಸಡಿಲವಾಗುತ್ತದೆ. ಹೊಗೆ, ಧೂಳು, ಒಗ್ಗರಣೆಯ ಎಣ್ಣೆಯ ಪಸೆ, ಕೊಟ್ಟಿಗೆಯ ತೇವ ಇವೆಲ್ಲ ಸೇರಿ ಲೋಹದ ಮೇಲೆ ಕಿಲುಬು ಕಟ್ಟುತ್ತದೆ.

ಹೀಗಾದಾಗ ಕರೆಂಟು ಹರಿಯುವುದು ನಿಲ್ಲುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಅದು ಇಕ್ಕಟ್ಟಿನಲ್ಲಿ ನುಗ್ಗಿ ಹರಿಯುತ್ತದೆ, ನುಗ್ಗುವ ಜಾಗವನ್ನು ಕಾಯಿಸುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದಿದ್ದರೆ ತಿಕ್ಕಾಟದಿಂದ ಅಚ್ಚು ಬಿಸಿಯಾಗುವುದಿಲ್ಲವೇ? ಕಾರಣ ಬೇರೆಯಾದರೂ ಪರಿಣಾಮ ಅಂಥದೇ. ಒಂದು ಲೆಕ್ಕ ಹೇಳುತ್ತೇನೆ, ಕೇಳಿ. ೨೦೦೦ ವಾಟಿನ ಹೀಟರು ನಮ್ಮ ೨೩೦ ವೋಲ್ಟಿನ ಲೈನಿನಲ್ಲಿ ಸುಮಾರು ೮.೭ ಆಂಪಿಯರ್ ಕರೆಂಟು ಎಳೆಯುತ್ತದೆ. ಸಡಿಲವಾದ ಜಾಗದಲ್ಲಿ ಒಂದು ಓಮಿನ ಐದನೇ ಒಂದು ಪಾಲು ಅಡ್ಡಿ ಇದ್ದರೂ ಅಲ್ಲಿ ಸುಮಾರು ೧೫ ವಾಟಿನಷ್ಟು ಶಾಖ ಹುಟ್ಟುತ್ತದೆ. ೧೫ ವಾಟಿನ ಹಳೆಯ ಬುರುಡೆ ಬಲ್ಬನ್ನು ಮುಟ್ಟಿದರೆ ಕೈ ಸುಡುತ್ತದೆಯಲ್ಲ, ಅಷ್ಟೂ ಶಾಖ ಕಡಲೆಕಾಯಿ ಬೀಜದಷ್ಟು ಜಾಗದಲ್ಲಿ, ಗಾಳಿಯಾಡದ ಡಬ್ಬಿಯೊಳಗೆ, ಗಂಟೆಗಟ್ಟಲೆ ಕೂತರೆ ಏನಾದೀತು? ಬೇಕಲೈಟು ಸುಡುತ್ತದೆ, ವೈರಿನ ಹೊದಿಕೆ ಕರಗುತ್ತದೆ, ಹಿಂದಿನ ಮರದ ಬೋರ್ಡು ಮೆಲ್ಲಗೆ ಕೆಂಡ ಹಿಡಿಯುತ್ತದೆ. ಇನ್ನೊಂದು ಮಾತು. ಕರೆಂಟು ಎರಡರಷ್ಟಾದರೆ ಈ ಶಾಖ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಮೊಬೈಲು ಚಾರ್ಜು ಮಾಡುವಾಗ ಏನೂ ತೋರದ ಸಾಕೆಟ್ಟು ಹೀಟರು ಹಾಕಿದ ದಿವಸ ಹೊತ್ತಿಕೊಳ್ಳುವುದು ಈ ಕಾರಣದಿಂದಲೇ.

"ಫ್ಯೂಸು ಇದೆಯಲ್ಲ, ಅದು ಹೋಗುತ್ತದೆ ಬಿಡಿ" ಎನ್ನುವವರುಂಟು. ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ. ಲೆಕ್ಕಕ್ಕಿಂತ ಹೆಚ್ಚು ಕರೆಂಟು ಹರಿದರೆ ಮಾತ್ರ ಫ್ಯೂಸು ಹೋಗುವುದು, ಎಂ.ಸಿ.ಬಿ. ಬೀಳುವುದು. ಸಡಿಲವಾದ ಸಾಕೆಟ್ಟಿನಲ್ಲಿ ಕರೆಂಟು ಹೆಚ್ಚಾಗಿರುವುದಿಲ್ಲ, ಹರಿಯುವ ದಾರಿ ಮಾತ್ರ ಕೆಟ್ಟಿರುತ್ತದೆ. ಆದಕಾರಣ ಬೋರ್ಡು ಹೊಗೆಯಾಡುತ್ತಿದ್ದರೂ ಫ್ಯೂಸು ಸುಮ್ಮನೆ ಕೂತಿರುತ್ತದೆ. ಇದನ್ನು ಕಾಯಬೇಕಾದವರು ನೀವೇ. ನಿಮ್ಮ ಕಣ್ಣು, ಮೂಗು, ಕಿವಿಗಳೇ ಇಲ್ಲಿ ಕಾವಲುಗಾರರು.

ರಾಮನಗರದ ಕಡೆಯ ಒಂದು ಊರಿನಲ್ಲಿ ರೇಷ್ಮೆ ಮನೆಯೊಂದನ್ನು ನೋಡಲು ಹೋಗಿದ್ದೆ. ಹಿಪ್ಪುನೇರಳೆ ತೋಟ ಸೊಗಸಾಗಿತ್ತು, ಹುಳು ಎರಡನೇ ಜ್ವರಕ್ಕೆ ಕೂತಿತ್ತು. ಮಾಗಿಯ ಚಳಿ. ಚಾಕಿ ಹುಳುವಿಗೆ ೨೭-೨೮ ಡಿಗ್ರಿ ಶಾಖ ಬೇಕೆಂದು ಮನೆಯವರು ರಾತ್ರಿಯೆಲ್ಲ ಹೀಟರು ಇಡುತ್ತಿದ್ದರು. ಪ್ಲಗ್ಗು ಜೋತುಬೀಳುತ್ತಿದ್ದ ಕಾರಣ ಒಂದು ಬೆಂಕಿಕಡ್ಡಿ ತುರುಕಿ ನಿಲ್ಲಿಸಿದ್ದರು. ಹಿಂದಿನ ರಾತ್ರಿ ಮನೆಯ ಅಜ್ಜಿಗೆ ನಿದ್ರೆ ಹತ್ತಿರಲಿಲ್ಲವಂತೆ. "ಏನೋ ಮೀನು ಸುಟ್ಟ ವಾಸನೆ ಬರ್ತಿದೆ, ಎದ್ದು ನೋಡ್ರೋ" ಎಂದು ಮಗನನ್ನು ಎಬ್ಬಿಸಿದರಂತೆ. ಅವರು ಎದ್ದು ನೋಡುವ ಹೊತ್ತಿಗೆ ಬೋರ್ಡು ಕರಿಕಟ್ಟಿ, ಮೂಲೆಯಲ್ಲಿ ಕೆಂಡ ಕಾಣುತ್ತಿತ್ತು. ಮಗ ಓಡಿ ಮೇನ್ ಸ್ವಿಚ್ಚು ತೆಗೆದ. ಬೋರ್ಡಿನಿಂದ ಎರಡು ಮೊಳ ದೂರದಲ್ಲಿ ಬಿದಿರಿನ ಚಂದ್ರಿಕೆಗಳನ್ನು ಸಾಲಾಗಿ ಒರಗಿಸಿದ್ದರು. ಅದಕ್ಕೆ ತಗುಲಿದ್ದರೆ ಹುಳು, ಮನೆ, ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಕ್ಕಳು ಏನೂ ಉಳಿಯುತ್ತಿರಲಿಲ್ಲ. ಆ ಮನೆಯವರು ಬಡವರೂ ಅಲ್ಲ, ದಡ್ಡರೂ ಅಲ್ಲ. "ನಾಳೆ ಹಾಕಿಸೋಣ" ಎಂದು ಎರಡು ವರ್ಷ ತಳ್ಳಿದ್ದರು, ಅಷ್ಟೆ. ಹೊಸ ಸಾಕೆಟ್ಟಿನ ಬೆಲೆ ಒಂದಾಳಿನ ಒಂದು ದಿನದ ಕೂಲಿಗಿಂತ ಕಡಿಮೆ.

ಆದ್ದರಿಂದ ಈ ಗುರುತುಗಳನ್ನು ನೆನಪಿಟ್ಟುಕೊಳ್ಳಿ. ಪ್ಲಗ್ಗು ತನ್ನ ಭಾರಕ್ಕೇ ಜೋತುಬಿದ್ದರೆ, ಸಾಕೆಟ್ಟು ಸವೆದಿದೆ. ಪ್ಲಗ್ಗು ಅಲುಗಿಸಿದಾಗ ದೀಪ ಮಿಣುಕಿದರೆ, ಚಟಚಟ ಸದ್ದು ಬಂದರೆ, ಒಳಗೆ ಕಿಡಿ ಹಾರುತ್ತಿದೆ. ತೂತಿನ ಸುತ್ತ ಕಂದು ಬಣ್ಣ ಕಂಡರೆ, ಸುಟ್ಟ ಮೀನಿನಂಥ ಕಮಟು ವಾಸನೆ ಬಂದರೆ, ಅಲ್ಲಿ ಆಗಲೇ ಸುಡುತ್ತಿದೆ. ಅರ್ಧ ಗಂಟೆ ಬಳಸಿದ ಮೇಲೆ ಸ್ವಿಚ್ಚು ಆರಿಸಿ ಪ್ಲಗ್ಗು ತೆಗೆದು ಅದರ ಬೆನ್ನು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಕೇಡಿನ ಗುರುತು. ಇವುಗಳಲ್ಲಿ ಯಾವುದೇ ಒಂದು ಕಂಡರೂ ಆ ಸಾಕೆಟ್ಟನ್ನು ಅಂದಿನಿಂದಲೇ ಬಳಸಕೂಡದು. ಬೆಂಕಿಕಡ್ಡಿ ತುರುಕುವುದು, ಕಾಗದ ಮಡಚಿ ಸಿಕ್ಕಿಸುವುದು, ಪಿನ್ನನ್ನು ಅಗಲಿಸುವುದು, ಪ್ಲಗ್ಗೇ ಇಲ್ಲದೆ ಬರಿ ವೈರು ತೂರಿಸುವುದು ಇವೆಲ್ಲ ಉಪಾಯಗಳಲ್ಲ, ಅಪಾಯಗಳು.

ಇನ್ನು ಬದಲಿಸುವ ಬಗೆಗೆ ಬರೋಣ. ಈ ಕೆಲಸ ಯಾರು ಮಾಡಬೇಕು? ಕಾಯಿದೆಯ ಪ್ರಕಾರ ಬಲ್ಬು, ಫ್ಯೂಸು, ಸ್ವಿಚ್ಚು ಮುಂತಾದ ಫಿಟ್ಟಿಂಗುಗಳು ಕೆಟ್ಟರೆ ಅದೇ ಅಳತೆಯ, ಅದೇ ಜಾತಿಯ ಹೊಸದನ್ನು ಮನೆಯವರು ಹಾಕಿಕೊಳ್ಳಬಹುದು. ಆದರೆ ಹೊಸ ಪಾಯಿಂಟು ಎಳೆಯುವುದು, ಸಣ್ಣ ಸಾಕೆಟ್ಟಿದ್ದ ಕಡೆ ದೊಡ್ಡದು ಹಾಕುವುದು, ವೈರು ಬದಲಿಸುವುದು ಇವನ್ನೆಲ್ಲ ಲೈಸೆನ್ಸು ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಮಾಡಿಸತಕ್ಕದ್ದು. ಕಾಯಿದೆ ಬಿಡುತ್ತದೆಂದು ಕೈ ಹಾಕಲೇಬೇಕೆಂದಿಲ್ಲ. ತಿರುಪುಳಿ ಹಿಡಿದು ರೂಢಿಯಿಲ್ಲದವರು, ಸ್ವಲ್ಪವಾದರೂ ಅಂಜಿಕೆಯಿರುವವರು ಬಲ್ಲ ವೈರ್‌ಮನ್ನನನ್ನೇ ಕರೆಯಿರಿ. ಆಗಲೂ ನಾನು ಹೇಳುವ ಕ್ರಮ ನಿಮಗೆ ತಿಳಿದಿರಲಿ. ಕೆಲಸ ಸರಿಯಾಗಿ ಆಯಿತೇ ಇಲ್ಲವೇ ಎಂದು ನಿಂತು ನೋಡಿಕೊಳ್ಳಬಹುದು.

ಮೊದಲು ಸಾಮಾನು. ಅಂಗಡಿಯಲ್ಲಿ ಐ.ಎಸ್.ಐ. ಗುರುತು ನೋಡಿ ಕೊಳ್ಳಿ. ಪ್ಲಗ್ಗು ಸಾಕೆಟ್ಟುಗಳ ಭಾರತೀಯ ಮಾನಕದ ಸಂಖ್ಯೆ ೧೨೯೩. ಹಿಂದೆ ೫ ಆಂಪಿಯರ್ ಎನ್ನುತ್ತಿದ್ದ ಸಣ್ಣ ಸಾಕೆಟ್ಟಿಗೆ ಈಗ ೬ ಆಂಪಿಯರ್ ಎಂದೂ, ೧೫ ಎನ್ನುತ್ತಿದ್ದ ದೊಡ್ಡದಕ್ಕೆ ೧೬ ಎಂದೂ ಬರೆದಿರುತ್ತದೆ. ಸಣ್ಣದರ ಜಾಗಕ್ಕೆ ಸಣ್ಣದು, ದೊಡ್ಡದರ ಜಾಗಕ್ಕೆ ದೊಡ್ಡದು. ತೂತಿನೊಳಗೆ ಮುಚ್ಚಳವಿರುವ ಸಾಕೆಟ್ಟು ಸಿಗುತ್ತದೆ. ಪ್ಲಗ್ಗು ಹಾಕಿದಾಗ ಮಾತ್ರ ಅದು ತೆರೆಯುತ್ತದೆ. ಮಕ್ಕಳು ಮೊಳೆ, ಕಡ್ಡಿ ತೂರಿಸುವ ಭಯವಿಲ್ಲ. ಮಕ್ಕಳಿರುವ ಮನೆಗೆ ಅದೇ ಇರಲಿ.

ಎರಡನೆಯದು, ಕರೆಂಟು ತೆಗೆಯುವುದು. ಇದೇ ಎಲ್ಲಕ್ಕಿಂತ ಮುಖ್ಯ. ಕೆಲಸಕ್ಕೆ ಹಗಲು ಹೊತ್ತೇ ಆಗಬೇಕು. ಕೈ ಒಣಗಿರಬೇಕು, ಕಾಲಿಗೆ ರಬ್ಬರಿನ ಚಪ್ಪಲಿ, ಕಾಲಡಿಗೆ ಒಣಗಿದ ಮಣೆ. ಮೊದಲು ಟೆಸ್ಟರನ್ನು ಚೆನ್ನಾಗಿರುವ ಒಂದು ಪಾಯಿಂಟಿನಲ್ಲಿ ಹಿಡಿದು ಅದು ಹತ್ತುತ್ತದೆಯೇ ನೋಡಿ. ಕೆಟ್ಟ ಟೆಸ್ಟರು ಹತ್ತುವುದಿಲ್ಲ, ಕರೆಂಟಿಲ್ಲವೆಂದು ಸುಳ್ಳು ಹೇಳುತ್ತದೆ. ಆಮೇಲೆ ಮೇನ್ ಸ್ವಿಚ್ಚು ಆರಿಸಿ. ಪಿಂಗಾಣಿ ಫ್ಯೂಸಿದ್ದರೆ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಯು.ಪಿ.ಎಸ್. ಇದ್ದರೆ ಅದನ್ನೂ ಆರಿಸಿ. ಎಷ್ಟೋ ಜನ ಅದನ್ನು ಮರೆಯುತ್ತಾರೆ, ಬ್ಯಾಟರಿಯಿಂದ ಬರುವ ಕರೆಂಟೂ ಹೊಡೆಯುತ್ತದೆ. ಮನೆಮಂದಿಗೆಲ್ಲ ಹೇಳಿ, ಮೇನಿನ ಹತ್ತಿರ ಒಬ್ಬರನ್ನು ನಿಲ್ಲಿಸಿ. ಆಮೇಲೆ ಬಂದು ಸಾಕೆಟ್ಟಿನ ಮೂರು ತೂತಿಗೂ, ಸ್ವಿಚ್ಚು ಹಾಕಿ ಒಮ್ಮೆ, ಆರಿಸಿ ಒಮ್ಮೆ, ಟೆಸ್ಟರು ಇಟ್ಟು ನೋಡಿ. ಎಲ್ಲಿಯೂ ಹತ್ತಕೂಡದು. ಬೋರ್ಡಿನ ಸ್ವಿಚ್ಚೊಂದನ್ನೇ ನಂಬಿ ಕೈ ಹಾಕಬೇಡಿ. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ವೈರಿಗೆ ಬದಲು ನ್ಯೂಟ್ರಲ್ ವೈರಿಗೆ ಕೊಟ್ಟಿರುವುದುಂಟು. ಆಗ ಸ್ವಿಚ್ಚು ಆರಿದ್ದರೂ ಸಾಕೆಟ್ಟಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಹಾಗೆಯೇ "ಹೇಗೂ ಲೈನು ಹೋಗಿದೆಯಲ್ಲ, ಈಗಲೇ ಮಾಡಿಬಿಡೋಣ" ಎಂದು ಹೊರಡಬೇಡಿ. ಹೋದ ಲೈನು ಯಾವ ಗಳಿಗೆಯಲ್ಲಾದರೂ ಬಂದೀತು, ಹೇಳಿ ಬರುವುದಿಲ್ಲ.

ಮೂರನೆಯದು, ಬಿಚ್ಚುವುದು. ಯಾವ ವೈರು ಯಾವ ತಿರುಪಿನಲ್ಲಿತ್ತು ಎಂದು ಬಿಚ್ಚುವ ಮೊದಲೇ ಕಾಗದದಲ್ಲಿ ಗುರುತು ಮಾಡಿ, ಇಲ್ಲವೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಸಾಕೆಟ್ಟಿನ ಬೆನ್ನ ಮೇಲೆ ಎಲ್, ಎನ್, ಇ ಎಂಬ ಅಕ್ಷರಗಳಿರುತ್ತವೆ. ಎಲ್ ಎಂದರೆ ಫೇಸು, ಎನ್ ಎಂದರೆ ನ್ಯೂಟ್ರಲ್ಲು, ಇ ಎಂದರೆ ಅರ್ಥು. ಈಗಿನ ಪದ್ಧತಿಯಲ್ಲಿ ಫೇಸಿಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್ಲಿಗೆ ಕಪ್ಪು, ಅರ್ಥಿಗೆ ಹಸಿರು. ಆದರೆ ಹಳೆಯ ಮನೆಯಲ್ಲಿ ಬಣ್ಣವನ್ನು ನಂಬಿ ಕೆಡಬೇಡಿ. ಕೈಗೆ ಸಿಕ್ಕ ಬಣ್ಣ ಎಳೆದವರು ಬೇಕಾದಷ್ಟು ಜನ.

ನಾಲ್ಕನೆಯದು, ವೈರಿನ ತುದಿಯ ಪರೀಕ್ಷೆ. ತುದಿ ಸುಟ್ಟು ಕರ್ರಗಾಗಿದ್ದರೆ ಹೊಳೆಯುವ ಲೋಹ ಸಿಗುವ ತನಕ ಕತ್ತರಿಸಿ ತೆಗೆಯಿರಿ. ಸುಟ್ಟ ತುದಿಯನ್ನೇ ಹೊಸ ಸಾಕೆಟ್ಟಿಗೆ ಬಿಗಿದರೆ ಹೊಸದೂ ಸುಡುತ್ತದೆ. ಹೊದಿಕೆಯನ್ನು ಮೆಲ್ಲಗೆ ಬಾಗಿಸಿ ನೋಡಿ. ಹಳೆಯ ರಬ್ಬರು ಒಣಗಿದ ಮಣ್ಣಿನಂತೆ ಪುಡಿಪುಡಿಯಾಗಿ ಉದುರಿದರೆ ಅಲ್ಲಿಗೇ ನಿಲ್ಲಿಸಿ. ಅಂಥ ಮನೆಗೆ ಸಾಕೆಟ್ಟು ಬದಲಿಸಿದರೆ ಸಾಲದು, ವೈರನ್ನೇ ಬದಲಿಸಬೇಕು. ವೈರಿನ ಒಳಗಿನ ಎಳೆ ಬೆಳ್ಳಗೆ ಕಂಡರೆ ಚಾಕುವಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಕೆಂಪು ಕಂಡರೆ ತವರ ಲೇಪಿಸಿದ ತಾಮ್ರ, ಚಿಂತೆಯಿಲ್ಲ. ಒಳಗೂ ಬಿಳುಪೇ ಆದರೆ ಅಲ್ಯೂಮಿನಿಯಂ. ತಾಮ್ರಕ್ಕೆ ಬರವಿದ್ದ ಕಾಲದಲ್ಲಿ ಅಲ್ಯೂಮಿನಿಯಂ ವೈರನ್ನು ಬಹಳ ಮನೆಗಳಿಗೆ ಎಳೆದಿದ್ದಾರೆ. ಅದು ಮೆತ್ತನೆಯ ಲೋಹ. ತಿರುಪಿನ ಕೆಳಗೆ ಕಾಲಕ್ರಮದಲ್ಲಿ ಚಪ್ಪಟೆಯಾಗಿ ಸಡಿಲವಾಗುತ್ತದೆ. ಅದಕ್ಕೆ ತಾಮ್ರದ ವೈರನ್ನು ಹೊಸೆದು ಕಟ್ಟಿದರೆ ಕೂಡಿದ ಜಾಗದಲ್ಲಿ ಕಿಲುಬು ಹಿಡಿದು ಕಾಯುತ್ತದೆ. ಅಲ್ಯೂಮಿನಿಯಂ ಕಂಡರೆ ವೈರ್‌ಮನ್ನನನ್ನು ಕರೆದು ತೋರಿಸಿ. ವೈರು ಗಿಡ್ಡವಾಗಿದ್ದರೂ ಹಾಗೆಯೇ. ಜಗ್ಗಿ ಎಳೆದು ಮುಟ್ಟಿಸಬೇಡಿ.

ಐದನೆಯದು, ಬಿಗಿಯುವುದು. ತುದಿಯಲ್ಲಿ ಸುಮಾರು ೮ ರಿಂದ ೧೦ ಮಿಲಿಮೀಟರಿನಷ್ಟು ಮಾತ್ರ ಹೊದಿಕೆ ಸುಲಿಯಿರಿ. ಸುಲಿಯುವಾಗ ಒಳಗಿನ ಎಳೆಗೆ ಚಾಕು ತಗಲಬಾರದು. ಎಳೆಗಳನ್ನು ಹೊಸೆದು, ತೆಳುವಾಗಿದ್ದರೆ ಎರಡು ಮಡಿಕೆ ಮಾಡಿ ತೂತಿಗೆ ಇಳಿಸಿ ತಿರುಪು ಬಿಗಿ ಮಾಡಿ. ಒಂದೇ ತಿರುಪಿನಲ್ಲಿ ಎರಡು ವೈರುಗಳಿದ್ದಿದ್ದರೆ ಎರಡನ್ನೂ ಮರಳಿ ಅಲ್ಲಿಯೇ ಸೇರಿಸಿ. ಒಂದನ್ನು ಬಿಟ್ಟರೆ ಮುಂದಿನ ಕೋಣೆಗೆ ಕರೆಂಟು ಹೋಗದು. ಹೊದಿಕೆಯ ತುಂಡು ತಿರುಪಿನ ಕೆಳಗೆ ಸಿಕ್ಕಬಾರದು, ಬರಿ ಎಳೆ ಹೊರಗೆ ಇಣುಕಬಾರದು. ಬಿಗಿದ ಮೇಲೆ ಪ್ರತಿಯೊಂದು ವೈರನ್ನೂ ಹಿಡಿದು ಒಮ್ಮೆ ಎಳೆದು ನೋಡಿ. ಕರುವಿನ ಕಣ್ಣಿಯನ್ನು ಕಟ್ಟಿದ ಮೇಲೆ ಜಗ್ಗಿ ನೋಡುವುದಿಲ್ಲವೇ, ಹಾಗೆ. ಬಂದುಬಿಟ್ಟರೆ ಮತ್ತೆ ಬಿಗಿಯಿರಿ. ಮರದ ಬೋರ್ಡಿಗೆ ಗೆದ್ದಲು ಹಿಡಿದು ತಿರುಪು ನಿಲ್ಲದಿದ್ದರೆ ಬೋರ್ಡನ್ನೂ ಬದಲಿಸಿಬಿಡಿ. ಅಲುಗಾಡುವ ಬೋರ್ಡಿನ ಮೇಲೆ ಬಿಗಿಯಾದ ಸಾಕೆಟ್ಟು ಎಷ್ಟು ದಿನ ಬಾಳೀತು?

ಆರನೆಯದು, ಪರೀಕ್ಷೆ. ಬೋರ್ಡು ಮುಚ್ಚಿ ತಿರುಪು ಹಾಕಿದ ಮೇಲೆಯೇ ಮೇನು ಹಾಕಬೇಕು. ಎದುರಿಗೆ ನಿಂತು ನೋಡಿದಾಗ ಅರ್ಥಿನ ದೊಡ್ಡ ತೂತು ಮೇಲಿರುತ್ತದೆ. ಸ್ವಿಚ್ಚು ಹಾಕಿದಾಗ ನಿಮ್ಮ ಬಲಗಡೆಯ ತೂತಿನಲ್ಲಿ ಮಾತ್ರ ಟೆಸ್ಟರು ಹತ್ತಬೇಕು. ಸ್ವಿಚ್ಚು ಆರಿಸಿದಾಗ ಯಾವುದರಲ್ಲೂ ಹತ್ತಬಾರದು. ಮುಚ್ಚಳದ ಸಾಕೆಟ್ಟಾದರೆ ಟೆಸ್ಟರು ಒಳಗೆ ಹೋಗದು, ಆಗ ವೈರ್‌ಮನ್ನನ ಕೈಯಲ್ಲಿ ಪರೀಕ್ಷೆ ಮಾಡಿಸಿ. ಬೇರೆ ತೂತಿನಲ್ಲಿ ಹತ್ತಿದರೆ, ಅದರಲ್ಲೂ ಮೇಲಿನ ತೂತಿನಲ್ಲಿ ಹತ್ತಿದರೆ, ಕೂಡಲೇ ಮೇನು ತೆಗೆದು ಬಲ್ಲವರನ್ನು ಕರೆಯಿರಿ.

ಈಗ ಅರ್ಥಿಂಗಿನ ಮಾತು. ಹಳೆಯ ಮನೆಗಳಲ್ಲಿ ಎರಡೇ ವೈರು ಎಳೆದಿರುತ್ತಾರೆ. ಅಂಥ ಕಡೆ ಮೂರು ತೂತಿನ ಸಾಕೆಟ್ಟು ಹಾಕಿ ಮೇಲಿನದನ್ನು ಖಾಲಿ ಬಿಟ್ಟರೆ ಹೊರಗಿನ ನೋಟಕ್ಕೆ ಎಲ್ಲ ಸರಿಯಾಗಿದೆ, ಒಳಗೆ ರಕ್ಷಣೆ ಸೊನ್ನೆ. ಕೆಲವರು ನ್ಯೂಟ್ರಲ್ಲಿನಿಂದ ಒಂದು ತುಂಡು ವೈರು ತೆಗೆದು ಅರ್ಥಿಗೆ ಕೊಡುತ್ತಾರೆ. ಇದು ಮಹಾ ಅಪಾಯ. ನ್ಯೂಟ್ರಲ್ಲು ಎಲ್ಲಾದರೂ ಕಡಿದರೆ ಫ್ರಿಜ್ಜಿನ ಮೈಯೆಲ್ಲ ಕರೆಂಟಾಗುತ್ತದೆ. ನೀರಿನ ಕೊಳವೆಗೆ ಕಟ್ಟುವುದೂ ತರವಲ್ಲ, ಈಗಿನ ಕೊಳವೆ ಹೆಚ್ಚಾಗಿ ಪ್ಲಾಸ್ಟಿಕ್ಕಿನದು. ಸರಿಯಾದ ಅರ್ಥ್ ಗುಂಡಿ ತೋಡಿಸಿ, ಕನಿಷ್ಠ ಎರಡೂವರೆ ಮೀಟರು ಉದ್ದದ ಜಿ.ಐ. ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ಪದರಪದರವಾಗಿ ತುಂಬಿಸಿ, ಅಲ್ಲಿಂದ ಪ್ರತಿ ಸಾಕೆಟ್ಟಿಗೂ ಹಸಿರು ವೈರು ಎಳೆಸಿ. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನಾಲ್ಕು ಕೊಡ ನೀರು ಹಾಕುತ್ತಿರಿ. ಒಣಗಿದ ಮಣ್ಣು ಕರೆಂಟನ್ನು ಸೆಳೆಯದು.

ದನಗಳಿರುವ ಮನೆಯವರು ಇದನ್ನು ವಿಶೇಷವಾಗಿ ಗಮನಿಸಿ. ಗಂಜಲದ ಹಸಿ ನೆಲದ ಮೇಲೆ ನಾಲ್ಕು ಬರಿಗಾಲಲ್ಲಿ ನಿಂತ ಹಸುವಿಗೆ, ನಮಗೆ ತಟ್ಟಿ ಬಿಡುವ ಕರೆಂಟೇ ಪ್ರಾಣಾಂತಿಕವಾಗಬಹುದು. ಕೊಟ್ಟಿಗೆಯ ಸಾಕೆಟ್ಟು ದನದ ಬಾಯಿ, ಕೊಂಬು, ಬಾಲ ಎಟುಕದಷ್ಟು ಎತ್ತರದಲ್ಲಿ, ಮಳೆ ಎರಚಲು ಬೀಳದ ಕಡೆ, ಮುಚ್ಚಳದ ಡಬ್ಬಿಯೊಳಗಿರಲಿ. ತಗಡಿನ ಮಾಡಿಗೆ, ಕಬ್ಬಿಣದ ಕಂಬಕ್ಕೆ ವೈರು ತಾಗಬಾರದು.

ಇನ್ನೊಂದು ಒಳ್ಳೆಯ ಸಾಧನವಿದೆ, ಆರ್.ಸಿ.ಸಿ.ಬಿ. ಎಂದು ಕರೆಯುತ್ತಾರೆ. ಹೋದ ಕರೆಂಟು ಪೂರ್ತಿ ಹಿಂದಿರುಗದೆ ೩೦ ಮಿಲಿ ಆಂಪಿಯರಿನಷ್ಟು ಮನುಷ್ಯನ ಮೈ ಮೂಲಕವೋ ದನದ ಮೈ ಮೂಲಕವೋ ನೆಲಕ್ಕೆ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನನ್ನು ಕಡಿಯುತ್ತದೆ. ಮೇನ್ ಬೋರ್ಡಿನಲ್ಲಿ ಇದನ್ನು ಹಾಕಿಸಿ. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಬಿದ್ದರೆ ಸರಿಯಾಗಿದೆ. ಆದರೆ ನೆನಪಿಡಿ, ಇದು ಶಾಕಿಗೆ ಕಾವಲು. ಸಡಿಲ ಸಾಕೆಟ್ಟಿನ ಶಾಖವನ್ನು ಇದೂ ತಡೆಯಲಾರದು.

ಹೇರಿನ ಲೆಕ್ಕ ಎಲ್ಲರಿಗೂ ಬರಬೇಕು. ಯಂತ್ರದ ಮೇಲೆ ಬರೆದಿರುವ ವಾಟನ್ನು ೨೩೦ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಆಂಪಿಯರು ಬರುತ್ತದೆ. ೭೫೦ ವಾಟಿನ ಮಿಕ್ಸಿಗೆ ೩.೩, ೧೦೦೦ ವಾಟಿನ ಇಸ್ತ್ರಿಗೆ ೪.೩, ೧೫೦೦ ವಾಟಿನ ನೀರಿನ ರಾಡಿಗೆ ೬.೫, ೨೦೦೦ ವಾಟಿನ ಹೀಟರಿಗೆ ೮.೭. ಆರಕ್ಕೆ ಮೀರಿದ್ದು ಸಣ್ಣ ಸಾಕೆಟ್ಟಿಗೆ ಸಲ್ಲದು. ಹೀಟರು, ಗೀಸರು, ಮೋಟಾರಿಗೆ ೧೬ ಆಂಪಿಯರಿನ ಸಾಕೆಟ್ಟು, ಅದಕ್ಕೆ ತಕ್ಕ ದಪ್ಪ ತಾಮ್ರದ ವೈರು, ಮೇನಿನಿಂದ ಬೇರೆಯಾದ ಲೈನು, ಮೂರೂ ಆಗಬೇಕು. ಒಂದು ಎಚ್.ಪಿ. ಎಂದರೆ ೭೪೬ ವಾಟು. ಮೋಟಾರು ಹೊರಡುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಎಳೆಯುತ್ತದೆ ಎಂಬುದೂ ಲೆಕ್ಕಕ್ಕೆ ಬರಲಿ. ದೊಡ್ಡ ಪ್ಲಗ್ಗನ್ನು ಸಣ್ಣ ಸಾಕೆಟ್ಟಿಗೆ ಕೂರಿಸುವ ಕನ್ವರ್ಟರು ಪೇಟೆಯಲ್ಲಿ ಸಿಗುತ್ತದೆ. ಅದು ಪಿನ್ನನ್ನು ಕಿರಿದು ಮಾಡುತ್ತದೆಯೇ ಹೊರತು ಹೇರನ್ನು ಕಿರಿದು ಮಾಡುವುದಿಲ್ಲ. ಹಾಗೆಯೇ ಫ್ಯೂಸು ಪದೇಪದೇ ಹೋಗುತ್ತದೆಂದು ದಪ್ಪ ತಾಮ್ರದ ಎಳೆ ಕಟ್ಟಿದರೆ, ಬೊಗಳುತ್ತದೆಂದು ಕಾವಲು ನಾಯಿಯ ಬಾಯಿ ಕಟ್ಟಿದಂತೆ.

ಒಂದು ವೇಳೆ ಯಾರಿಗಾದರೂ ಕರೆಂಟು ಹಿಡಿದರೆ ಅವರನ್ನು ಮುಟ್ಟಬೇಡಿ, ನೀವೂ ಸಿಕ್ಕಿಬೀಳುತ್ತೀರಿ. ಮೊದಲು ಮೇನು ತೆಗೆಯಿರಿ. ಅದು ದೂರವಿದ್ದರೆ ಒಣಗಿದ ಮಣೆಯ ಮೇಲೆ ನಿಂತು ಒಣಗಿದ ಬಿದಿರಿನಿಂದಲೋ ಮರದ ಕೋಲಿನಿಂದಲೋ ವೈರನ್ನು ಸರಿಸಿ. ಇದು ಮನೆಯೊಳಗಿನ ಲೈನಿಗೆ ಮಾತ್ರ ಹೇಳಿದ ಮಾತು, ಕಂಬದಿಂದ ಕಡಿದು ಬಿದ್ದ ತಂತಿಯ ಹತ್ತಿರ ಸುಳಿಯಲೇಬೇಡಿ. ೧೦೮ಕ್ಕೆ ಫೋನು ಮಾಡಿಸಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಊರಿ, ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ, ಎರಡು ಅಂಗುಲ ಇಳಿಯುವಂತೆ, ಸಹಾಯ ಬರುವ ತನಕ ಒತ್ತುತ್ತಲೇ ಇರಿ. ಬೋರ್ಡಿಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ. ಮೇನು ತೆಗೆದು ಒಣ ಮರಳನ್ನೋ ಮಣ್ಣನ್ನೋ ಎರಚಿ. ಮೀಟರಿನ ಆಚೆಯ ಲೈನು, ಕಂಬದ ತೊಂದರೆಗೆ ೧೯೧೨ಕ್ಕೆ ಹೇಳಿ. ಅಲ್ಲಿಗೆ ನೀವು ಕೈ ಹಾಕತಕ್ಕದ್ದಲ್ಲ.

ಬಾಂಧವರೇ, ಬಿತ್ತುವ ಮೊದಲು ಕೂರಿಗೆಯ ಒಂದೊಂದು ತಾಳನ್ನೂ ನೋಡುತ್ತೀರಿ, ಹೇರು ಹೊರಡುವ ಮೊದಲು ಗಾಡಿಯ ಕಡಾಣಿ ಮುಟ್ಟಿ ನೋಡುತ್ತೀರಿ. ಅಷ್ಟೇ ಮುತುವರ್ಜಿ ಈ ಸಾಕೆಟ್ಟಿಗೂ ಬೇಕು. ಈ ವಾರದಲ್ಲೇ ಒಂದು ಹಗಲು ಬಿಡುವು ಮಾಡಿಕೊಂಡು ಅಡುಗೆಮನೆ, ಪಡಸಾಲೆ, ಕೊಟ್ಟಿಗೆ, ರೇಷ್ಮೆ ಮನೆ ಎಲ್ಲವನ್ನೂ ಒಂದು ಸುತ್ತು ಹಾಕಿ. ಎಲ್ಲಿ ಪ್ಲಗ್ಗು ಜೋತುಬೀಳುತ್ತದೋ, ಎಲ್ಲಿ ಕಂದು ಕಲೆ ಕಾಣುತ್ತದೋ ಅಲ್ಲಿ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ. ಗುರುತು ಹಾಕಿದ್ದನ್ನು ಬದಲಿಸುವ ತನಕ ಬಳಸಬೇಡಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗುವುದೇನು? ಬಾವಿ ಈಗಲೇ ತೋಡಿಡೋಣ.